ಬರೆದದ್ದು ಉಳಿಯಬೇಕಾದರೆ

ಬೆಂಗಳೂರಿನ ಉತ್ತರ ದಿಕ್ಕಿನ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಒಂದು ವೀರಗಲ್ಲಿನ ಸುದ್ದಿ ಅನೇಕರ ನೆನಪಿನಲ್ಲಿರಬಹುದು. ಗಂಗರ ಶ್ರೀಪುರುಷನ ಆಳ್ವಿಕೆಗೆ ಸೇರಿದ್ದೆಂದೂ ಸುಮಾರು ಕ್ರಿ.ಶ. 750ರದೆಂದೂ ವಿದ್ವಾಂಸರು ಗೊತ್ತುಮಾಡಿರುವ ಆ ಕಲ್ಲು, ಕಾಳಗದಲ್ಲಿ ಮಡಿದ ಕಿಟ್ಟಯ್ಯನೆಂಬ ವೀರನನ್ನು ನೆನೆಯುತ್ತದೆ. ಬೆಂಗಳೂರಿನ ಪ್ರದೇಶದಲ್ಲಿ ಈವರೆಗೆ ದೊರೆತಿರುವ ಕನ್ನಡ ಶಾಸನಗಳಲ್ಲಿ ಇದನ್ನೇ ಅತ್ಯಂತ ಹಳೆಯದೆಂದು ಎಣಿಸುತ್ತಾರೆ. ಸುಮಾರು ಹನ್ನೆರಡೂವರೆ ಶತಮಾನಗಳ ಮಳೆ ಬಿಸಿಲು ಕಂಡ ಆ ಅಕ್ಷರಗಳನ್ನು, ಲಿಪಿಯ ಬೆಳವಣಿಗೆಯನ್ನು ಬಲ್ಲವರೊಬ್ಬರು ಎದುರಿಗೆ ಕುಳಿತು ಇಂದಿಗೂ ಓದಬಲ್ಲರು. ಕಲ್ಲಿಗೂ ಓದುವವನಿಗೂ ನಡುವೆ ಮೂರನೆಯವರ ಅಪ್ಪಣೆ ಬೇಕಾಗಿಲ್ಲ.

ಇನ್ನೊಂದು ಚಿತ್ರವನ್ನು ಇದರ ಪಕ್ಕದಲ್ಲಿ ಇಟ್ಟು ನೋಡೋಣ. 1999ರ ಸುಮಾರಿಗೆ ಒಬ್ಬ ಲೇಖಕರು ತಮ್ಮ ಕಾದಂಬರಿಯನ್ನು ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿಸಿ, ಅದರ ಕಡತವನ್ನು ಜೋಪಾನವಾಗಿ ತೆಗೆದಿಟ್ಟರೆಂದು ಭಾವಿಸಿ. ಪುಸ್ತಕದ ಪ್ರತಿಗಳು ಮುಗಿದುಹೋದವು. ಇಂದು ಅವರ ಮಕ್ಕಳು ಮರುಮುದ್ರಣದ ಆಸೆಯಿಂದ ಆ ಕಡತವನ್ನು ತೆರೆಯುತ್ತಾರೆ. ತೆರೆದರೆ ಕಾಣುವುದು ಕನ್ನಡವಲ್ಲ. ರೋಮನ್ ಅಕ್ಷರಗಳು, ಆವರಣಚಿಹ್ನೆಗಳು, ಎಲ್ಲಿಯೂ ಕೇಳರಿಯದ ಕೊಂಕು ಗುರುತುಗಳು, ಇವೆಲ್ಲ ಕಲಸಿಹೋದ ಒಂದು ಗೊಜ್ಜು. ಕಡತ ಕೆಟ್ಟಿಲ್ಲ, ಅದರ ಒಂದಂಶವೂ ಅಳಿದಿಲ್ಲ. ಓದುವ ಕೀಲಿಕೈ ಮಾತ್ರ ಕಳೆದುಹೋಗಿದೆ. ಇಪ್ಪತ್ತೈದು ವರ್ಷಗಳಲ್ಲಿ ಒದಗಿದ ಈ ಗತಿ ಕಿಟ್ಟಯ್ಯನ ಕಲ್ಲಿಗೆ ಸಾವಿರ ವರ್ಷ ಕಳೆದರೂ ಒದಗಲಿಲ್ಲ.

ಪೇಟೆಯಲ್ಲಿ ಎಲ್ಲರೂ ಬಳಸುವ ಬೆಲೆಯುಳ್ಳ ತಂತ್ರಾಂಶವನ್ನು ಬಿಟ್ಟು ಬೇರೆ ಯಾವುದರಲ್ಲಿ ಬರೆಯಬಹುದು, ಅದಕ್ಕೆ ಬದಲಿಯಾಗಿ ಯಾವುದು ಒಳ್ಳೆಯದು ಎಂಬ ಪ್ರಶ್ನೆ ಬರೆಯುವವರ ನಡುವೆ ಈಗ ಆಗಾಗ್ಗೆ ಏಳುತ್ತದೆ. ಅದಕ್ಕೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದು ಹೆಸರು, ಅದರ ಬೆಲೆ, ಅದರಲ್ಲಿರುವ ಸೌಕರ್ಯಗಳ ಪಟ್ಟಿ. ಬರೆಯುವವನು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಮಾತ್ರ ಬೇರೆಯೇ ಇದೆ: ಇದರೊಳಗೆ ಇಟ್ಟ ನನ್ನ ಬರಹ, ನಾಳೆ ಇದನ್ನು ಬಿಟ್ಟು ಹೊರಗೆ ಬರಬಲ್ಲದೆ? ಈ ಒಂದು ಪ್ರಶ್ನೆಗೆ ಸರಿಯಾದ ಉತ್ತರ ದೊರೆತರೆ ಉಳಿದವು ಅಭಿರುಚಿಯ ಮಾತುಗಳು. ದೊರೆಯದಿದ್ದರೆ ಉಳಿದ ಸೌಕರ್ಯಗಳೆಲ್ಲ ವ್ಯರ್ಥ.

ಇದನ್ನು ತಿಳಿಯಲು, ನಾವು ಮಾತಿನಲ್ಲಿ ಒಂದೇ ಎಂದು ಕಟ್ಟಿಹಾಕುವ ನಾಲ್ಕು ವಸ್ತುಗಳನ್ನು ಬಿಡಿಬಿಡಿಯಾಗಿ ನೋಡಬೇಕಾಗುತ್ತದೆ. ಮೊದಲನೆಯದು ಕೀಲಿಮಣೆ, ಅಂದರೆ ಯಾವ ಕೀಲಿಯನ್ನು ಒತ್ತಿದರೆ ಯಾವ ಅಕ್ಷರ ಎಂಬ ಏರ್ಪಾಡು. ಎರಡನೆಯದು ಸಂಕೇತ, ಅಂದರೆ ಒತ್ತಿದ ಅಕ್ಷರವನ್ನು ಯಂತ್ರ ಯಾವ ಸಂಖ್ಯೆಯಾಗಿ ನೆನಪಿಟ್ಟುಕೊಳ್ಳುತ್ತದೆ ಎಂಬ ಒಪ್ಪಂದ. ಮೂರನೆಯದು ಫಾಂಟ್, ಅಂದರೆ ಆ ಸಂಖ್ಯೆಗೆ ಕಣ್ಣಿಗೆ ಕಾಣುವ ರೂಪವನ್ನು ಕೊಡುವ ಅಚ್ಚು. ನಾಲ್ಕನೆಯದು ತಂತ್ರಾಂಶ, ಅಂದರೆ ಬರೆಯಲು, ತಿದ್ದಲು, ಪುಟ ಕಟ್ಟಲು, ಉಳಿಸಿಡಲು ನೆರವಾಗುವ ಉಪಕರಣ. 'ನಾನು ನುಡಿಯಲ್ಲಿ ಬರೆಯುತ್ತೇನೆ', 'ನಾನು ಬರಹದಲ್ಲಿ ಬರೆಯುತ್ತೇನೆ' ಎಂದು ಹೇಳುವವರು ಈ ನಾಲ್ಕನ್ನೂ ಒಟ್ಟಾಗಿಯೇ ಹೇಳುತ್ತಿರುತ್ತಾರೆ. ನಾಲ್ಕರಲ್ಲಿ ಬರಹದ ಆಯುಸ್ಸನ್ನು ನಿರ್ಧರಿಸುವುದು ಎರಡನೆಯದಾದ ಸಂಕೇತ.

ಸಂಕೇತವೆಂದರೇನೆಂಬುದನ್ನು ನಮ್ಮ ಊರಿನ ಹೆಸರಿನಿಂದಲೇ ವಿವರಿಸಬಹುದು. ಬೆಂಗಳೂರಿನಲ್ಲಿ ಎರಡು ಪುಟ್ಟೇನಹಳ್ಳಿಗಳಿವೆ. ಒಂದು ಯಲಹಂಕದ ಮಗ್ಗುಲಿನದು, ಇನ್ನೊಂದು ದಕ್ಷಿಣದಲ್ಲಿ ಜಯಪ್ರಕಾಶನಗರದ ಕಡೆಯದು. ಎರಡಕ್ಕೂ ಒಂದೊಂದು ಕೆರೆಯೂ ಇದೆ. ಕಾಗದದ ಮೇಲೆ ಬರಿಯ 'ಪುಟ್ಟೇನಹಳ್ಳಿ, ಬೆಂಗಳೂರು' ಎಂದು ಬರೆದರೆ, ಅದು ಯಾರ ಮನೆಯ ಬಾಗಿಲಿಗೆ ಹೋಗುತ್ತದೆಂಬುದು ಓದುವವನ ಊಹೆಗೆ ಬಿಟ್ಟದ್ದು. ಯಲಹಂಕದ ಅಂಚೆಯವನು ಒಂದು ಬಗೆಯಲ್ಲಿ ಓದುತ್ತಾನೆ, ಜಯಪ್ರಕಾಶನಗರದವನು ಇನ್ನೊಂದು ಬಗೆಯಲ್ಲಿ. ವಿಳಾಸದಲ್ಲಿ ತಪ್ಪಿಲ್ಲ, ಆದರೆ ಅದು ಪೂರ್ತಿಯೂ ಅಲ್ಲ. ಹಳೆಯ ಕನ್ನಡ ಕಡತಗಳ ಸ್ಥಿತಿ ಇದೇ. ಅವುಗಳಲ್ಲಿ ಇರುವ ಸಂಖ್ಯೆಗೆ ಒಂದು ಫಾಂಟಿನಲ್ಲಿ ಒಂದು ಅರ್ಥ, ಮತ್ತೊಂದರಲ್ಲಿ ಮತ್ತೊಂದು ಅರ್ಥ.

ಹೀಗಾದದ್ದಕ್ಕೆ ಕಾರಣವಿದೆ. ಗಣಕಗಳು ಹುಟ್ಟಿದ ನಾಡಿನಲ್ಲಿ ಅಕ್ಷರಗಳಿಗೆ ಮೊದಲು ಮೀಸಲಿಟ್ಟ ಮನೆಗಳು 128, ಆಮೇಲೆ ಅವು 256ಕ್ಕೆ ಬೆಳೆದವು. ರೋಮನ್ ಲಿಪಿಗೆ ಅಷ್ಟು ಧಾರಾಳವಾಗಿ ಸಾಕು. ಕನ್ನಡಕ್ಕೆ ಆ ಪಟ್ಟಿಯಲ್ಲಿ ಸ್ವಂತ ಮನೆಯೇ ಇರಲಿಲ್ಲ. ಆದ್ದರಿಂದ ಫಾಂಟುಗಳನ್ನು ರೂಪಿಸಿದವರು ನಮ್ಮ ಅಕ್ಷರಗಳನ್ನು ತುಂಡುಮಾಡಿದರು. ತಲೆಕಟ್ಟು ಬೇರೆ, ಕೊಂಬು ಬೇರೆ, ಗುಡಿಸು ಕೂಡಿದ ರೂಪ ಬೇರೆ, ಒತ್ತಕ್ಷರ ಬೇರೆ. ಆ ತುಂಡುಗಳನ್ನು ರೋಮನ್ ಅಕ್ಷರಗಳ ಮನೆಗಳಲ್ಲಿ ಬಾಡಿಗೆಗೆ ಕೂರಿಸಿದರು. ಆಕೃತಿಯವರು ಒಂದು ಕ್ರಮದಲ್ಲಿ ಕೂರಿಸಿದರೆ ಶ್ರೀಲಿಪಿಯವರು ಇನ್ನೊಂದು ಕ್ರಮದಲ್ಲಿ, ಪ್ರಕಾಶಕ್‌ನವರು ಮತ್ತೊಂದು ಕ್ರಮದಲ್ಲಿ. ಪರದೆಯ ಮೇಲೆ ಕನ್ನಡ ಸುಂದರವಾಗಿಯೇ ಕಾಣುತ್ತಿತ್ತು, ಮುದ್ರಣವೂ ಸೊಗಸಾಗಿ ಬರುತ್ತಿತ್ತು. ಆದರೆ ಯಂತ್ರದ ಮಟ್ಟಿಗೆ ಅಲ್ಲಿ ಕನ್ನಡವೇ ಇರಲಿಲ್ಲ. ಕನ್ನಡದ ವೇಷ ಹಾಕಿದ ರೋಮನ್ ಅಕ್ಷರಗಳಿದ್ದವು.

ಇಷ್ಟು ಹೇಳಿ ಆ ಕಾಲದ ಸಾಧಕರ ಶ್ರಮವನ್ನು ಹಗುರಗೊಳಿಸುವುದು ನ್ಯಾಯವಲ್ಲ. ಕನ್ನಡದ ಬೆರಳಚ್ಚು ಯಂತ್ರಕ್ಕೆ ಕೀಲಿಮಣೆಯನ್ನು ರೂಪಿಸಿಕೊಟ್ಟ ಕೆ. ಅನಂತಸುಬ್ಬರಾಯರ ತರುವಾಯ, ಗಣಕಕ್ಕೆ ಕನ್ನಡವನ್ನು ಒಗ್ಗಿಸಿದವರಲ್ಲಿ ಮೊದಲು ಹೇಳಬೇಕಾದ ಹೆಸರು ಕಿನ್ನಿಕಂಬಳದ ಕೆ.ಪಿ. ರಾವ್ ಅವರದು. ಧ್ವನಿಯನ್ನು ಅನುಸರಿಸುವ ಒಂದು ಸರಳವಾದ ಕೀಲಿಮಣೆಯನ್ನು ಅವರು ರಚಿಸಿದರು. ಹಿರಿಯ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ 'ಸೇಡಿಯಾಪು' ಎಂಬ ತಂತ್ರಾಂಶವನ್ನು ಮಾಡಿ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಿತು; ಊರಿನಲ್ಲಿಯೂ ಪರದೇಶದಲ್ಲಿಯೂ ಅಸಂಖ್ಯ ಕನ್ನಡಿಗರು ಮೊದಲ ಬಾರಿಗೆ ತಮ್ಮ ಕೈಯಿಂದಲೇ ಗಣಕದಲ್ಲಿ ಕನ್ನಡ ಬರೆದದ್ದು ಅದರ ಮೂಲಕ. ಈ ಶತಮಾನದ ಮೊದಲ ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತಿನ 'ನುಡಿ' ಸರಕಾರದ ಮನ್ನಣೆ ಪಡೆದು ಕಚೇರಿಗಳನ್ನು ತಲಪಿತು. ಕೆ.ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸವೇ ಅದಕ್ಕೂ ಆಧಾರವಾಯಿತು. ಸಾಹಿತಿಗಳಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶದ ಪ್ರಶ್ನೆಯನ್ನು ಭಾಷೆಯ ಅಳಿವು ಉಳಿವಿನ ಪ್ರಶ್ನೆಯೆಂದೇ ಭಾವಿಸಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ 'ಕುವೆಂಪು ಕನ್ನಡ ತಂತ್ರಾಂಶ' ಹೊರಬಂದದ್ದರ ಹಿಂದೆ ಅವರ ಒತ್ತಾಸೆಯಿತ್ತು.

ಇವೆಲ್ಲ ನಡೆಯುತ್ತಿದ್ದ ಕಾಲದಲ್ಲಿಯೇ ಲೋಕದ ಎಲ್ಲ ಲಿಪಿಗಳಿಗೂ ಒಂದೇ ಪಟ್ಟಿಯಲ್ಲಿ ಸ್ವಂತ ಮನೆ ಕೊಡುವ ಕೆಲಸವೂ ಸಾಗಿತ್ತು. ಅದೇ ಯೂನಿಕೋಡ್. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಮನೆಗಳು ದೊರೆತವು. ಅಂದಿನಿಂದ 'ಕ' ಎಂದರೆ 3221. ಅದು ಪುಟ್ಟೇನಹಳ್ಳಿಯ ಗಣಕದಲ್ಲಿಯೂ 3221, ಟೋಕಿಯೊ ನಗರದ ಗಣಕದಲ್ಲಿಯೂ 3221. ಫಾಂಟ್ ಬದಲಾದರೆ ಅಕ್ಷರದ ಚೆಲುವು ಬದಲಾಗಬಹುದೇ ಹೊರತು ಅಕ್ಷರ ಬದಲಾಗುವುದಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಯೂನಿಕೋಡ್ ಫಾಂಟ್ ಸೇರಿದ್ದರಿಂದ ಸಾಮಾನ್ಯ ಗಣಕಗಳಲ್ಲಿಯೂ ಈ ಸೌಲಭ್ಯ ಕಾಲಿಟ್ಟಿತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ನಿಂತಿರುವುದು ಇದೇ ನೆಲದ ಮೇಲೆ. ಅಂತರಜಾಲದಲ್ಲಿ ಇಂದು ಕನ್ನಡದ ಒಂದು ಪದವನ್ನು ಹುಡುಕಿದರೆ ಅದು ಸಿಕ್ಕುವುದಕ್ಕೂ ಇದೇ ಕಾರಣ. ನುಡಿ, ಬರಹಗಳ ಈಚಿನ ಆವೃತ್ತಿಗಳೂ ಯೂನಿಕೋಡನ್ನು ಒಪ್ಪಿಕೊಂಡಿವೆ.

ಸಾಹಿತ್ಯಾಸಕ್ತರಿಗೆ ಸ್ವಾರಸ್ಯವೆನಿಸಬಹುದಾದ ಒಂದು ಸಂಗತಿಯನ್ನು ಇಲ್ಲಿ ಹೇಳಬಹುದು. ಹಳಗನ್ನಡದ 'ಱ', 'ೞ' ಎರಡಕ್ಕೂ ಯೂನಿಕೋಡಿನಲ್ಲಿ ಸ್ಥಾನವಿದೆ. ಆದರೆ 'ೞ' ಅಕ್ಷರಕ್ಕೆ ಪಟ್ಟಿ ಮಾಡಿದವರು ತಪ್ಪಿನಿಂದ 'ಫ' ಎಂಬ ಧ್ವನಿಯ ಹೆಸರನ್ನು ಕೊಟ್ಟರು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿಯ ನಿಯಮ. ಆದ್ದರಿಂದ ಪಂಪ, ರನ್ನರ ಆ ಅಕ್ಷರ ಇಂದಿಗೂ ಆ ತಪ್ಪು ಹೆಸರಿನಲ್ಲಿಯೇ ಇದೆ, ಪಕ್ಕದಲ್ಲಿ ಇದು ತಪ್ಪೆಂಬ ಟಿಪ್ಪಣಿಯೊಂದಿಗೆ. ಹೆಸರು ತಪ್ಪಾದರೂ ಮನೆಯ ಸಂಖ್ಯೆ ಸ್ಥಿರ. ಬದಲಾಗದಿರುವುದೇ ಈ ಏರ್ಪಾಡಿನ ಬಲ.

ಸಂಕೇತದ ಮಾತು ಹೀಗಾಯಿತು. ಇನ್ನು ತಂತ್ರಾಂಶ ಬರಹವನ್ನು ಕಟ್ಟಿಡುವ ಗಂಟಿನ ಮಾತು. ಅಕ್ಷರಗಳು ಸರಿಯಾದ ಸಂಖ್ಯೆಗಳಾಗಿದ್ದರೂ, ಶೀರ್ಷಿಕೆ ಯಾವುದು, ಅಡಿಟಿಪ್ಪಣಿ ಯಾವುದು, ದಪ್ಪ ಅಕ್ಷರ ಎಲ್ಲಿ ಎಂಬ ವಿವರಗಳೊಂದಿಗೆ ಅವನ್ನು ಕಟ್ಟಿಡುವ ಕ್ರಮ ಒಂದೊಂದು ತಂತ್ರಾಂಶದಲ್ಲಿ ಒಂದೊಂದು ಬಗೆ. ಮೈಕ್ರೋಸಾಫ್ಟ್ ಸಂಸ್ಥೆಯ ವರ್ಡ್ ಬಹುಕಾಲ ಬಳಸಿದ 'ಡಾಕ್' ಎಂಬ ಗಂಟಿನ ಕಟ್ಟು ಸಂಸ್ಥೆಯ ಸ್ವಂತದ್ದು. ಹೊರಗಿನವರು ಅದನ್ನು ಬಿಚ್ಚುವ ಬಗೆಯನ್ನು ಊಹೆಯಿಂದಲೇ ಕಂಡುಕೊಳ್ಳಬೇಕಾಗಿತ್ತು. 2006ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ 'ಓಪನ್ ಡಾಕ್ಯುಮೆಂಟ್' ಎಂಬ ಬಹಿರಂಗವಾದ ಕ್ರಮವನ್ನು ಮಾನ್ಯಮಾಡಿತು. ಇದರ ನಿಯಮಗಳನ್ನು ಯಾರಾದರೂ ಓದಬಹುದು, ಅನುಸರಿಸಿ ತಂತ್ರಾಂಶ ರಚಿಸಬಹುದು. ಈ ಗಂಟನ್ನು ಬಿಚ್ಚಿದರೆ ಒಳಗೆ ಬರಹ ಸಾದಾ ಪಠ್ಯವಾಗಿ, ಓದಲು ಬರುವ ಗುರುತುಗಳೊಂದಿಗೆ ಇರುತ್ತದೆ. ನಾಳೆ ಈಗಿರುವ ತಂತ್ರಾಂಶಗಳೆಲ್ಲ ಕಣ್ಮರೆಯಾದರೂ, ತಿಳಿದವನೊಬ್ಬ ಅದರಿಂದ ಕಾದಂಬರಿಯನ್ನು ಹೊರತೆಗೆಯಬಲ್ಲ.

ಮೈಕ್ರೋಸಾಫ್ಟ್ ಕೂಡ 2007ರ ಆವೃತ್ತಿಯಿಂದ 'ಡಾಕ್ಸ್' ಎಂಬ ಹೊಸ ಗಂಟನ್ನು ರೂಢಿಗೆ ತಂದು, ಅದಕ್ಕೂ 2008ರಲ್ಲಿ ಅಂತರರಾಷ್ಟ್ರೀಯ ಮಾನ್ಯತೆ ಪಡೆಯಿತು. ಅದರ ವಿರುದ್ಧ ಮತ ಹಾಕಿದ ದೇಶಗಳಲ್ಲಿ ಭಾರತವೂ ಒಂದು. ಈಗ ಅದರ ನಿಯಮಗಳೂ ಪ್ರಕಟವಾಗಿರುವುದರಿಂದ ಹಳೆಯ ಡಾಕ್ ಕಡತದಷ್ಟು ಭಯವಿಲ್ಲ. ನಮ್ಮ ಕೇಂದ್ರ ಸರಕಾರ 2010ರ ನವೆಂಬರಿನಲ್ಲಿ ಇ-ಆಡಳಿತಕ್ಕಾಗಿ ಮುಕ್ತ ಮಾನಕಗಳ ನೀತಿಯನ್ನು ಪ್ರಕಟಿಸಿದ್ದರ ಹಿಂದಿನ ಆಶಯ ಇದೇ: ಸಾರ್ವಜನಿಕರ ದಾಖಲೆಯ ಕೀಲಿಕೈ ಒಬ್ಬ ವ್ಯಾಪಾರಿಯ ಕೈಯಲ್ಲಿ ಉಳಿಯಬಾರದು.

ಇಷ್ಟು ಹಿನ್ನೆಲೆಯಲ್ಲಿ ಬದಲಿ ತಂತ್ರಾಂಶವೆಂದು ಮೊದಲು ಪರಿಶೀಲಿಸಬೇಕಾದದ್ದು ಲಿಬ್ರೆ ಆಫೀಸ್. ಇದರ ವಂಶಾವಳಿಯನ್ನು ತಿಳಿದಿರುವುದು ಒಳ್ಳೆಯದು. ಜರ್ಮನಿಯ ಸ್ಟಾರ್ ಡಿವಿಷನ್ ಎಂಬ ಸಂಸ್ಥೆಯ 'ಸ್ಟಾರ್ ಆಫೀಸ್' ಎಂಬ ತಂತ್ರಾಂಶವನ್ನು 1999ರಲ್ಲಿ ಅಮೆರಿಕದ ಸನ್ ಸಂಸ್ಥೆ ಕೊಂಡಿತು. ಮರುವರ್ಷ ಅದರ ಮೂಲ ಆಕರವನ್ನೇ ಬಹಿರಂಗಪಡಿಸಿತು. ಹಾಗೆ ಹುಟ್ಟಿದ್ದು 'ಓಪನ್ ಆಫೀಸ್'. 2010ರಲ್ಲಿ ಸನ್ ಸಂಸ್ಥೆ ಓರಕಲ್ ಸಂಸ್ಥೆಯ ವಶವಾದಾಗ, ಅದುವರೆಗೆ ಇದಕ್ಕಾಗಿ ದುಡಿದಿದ್ದವರಿಗೆ ಮುಂದೇನೆಂಬ ಆತಂಕ ಹುಟ್ಟಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರು ಡಾಕ್ಯುಮೆಂಟ್ ಫೌಂಡೇಷನ್ ಎಂಬ ಪ್ರತಿಷ್ಠಾನದ ಹೆಸರಿನಲ್ಲಿ ಬೇರೆ ಸಂಸಾರ ಹೂಡಿದರು. ಅದೇ ಲಿಬ್ರೆ ಆಫೀಸ್. ಮನೆಯ ಯಜಮಾನ ಬದಲಾದರೂ ಕೆಲಸ ನಿಲ್ಲದೆ ಮುಂದುವರಿಯಲು ಸಾಧ್ಯವಾದದ್ದು ಮೂಲ ಆಕರ ಎಲ್ಲರ ಕೈಯಲ್ಲಿ ಇದ್ದುದರಿಂದ. ಹಣ ಕೊಡಬೇಕಾಗಿಲ್ಲವೆಂಬುದು ಇದರ ಸಣ್ಣ ಗುಣ. ಯಾರೊಬ್ಬರೂ ಇದನ್ನು ಮುಚ್ಚಿಬಿಡಲಾರರೆಂಬುದು ದೊಡ್ಡ ಗುಣ. ಓಪನ್ ಆಫೀಸ್ ಎಂಬ ಹಳೆಯ ಹೆಸರಿನದೂ 2011ರಿಂದ ಅಪಾಚಿ ಎಂಬ ಪ್ರತಿಷ್ಠಾನದ ಆಶ್ರಯದಲ್ಲಿ ಉಳಿದುಕೊಂಡಿದೆಯಾದರೂ ಅದರ ಬೆಳವಣಿಗೆ ನಿಧಾನ. ಹೊಸದಾಗಿ ಆರಿಸಿಕೊಳ್ಳುವವರು ಹೆಸರಿನ ಹೋಲಿಕೆಗೆ ಮರುಳಾಗಬಾರದು.

ಲಿಬ್ರೆ ಆಫೀಸಿನಲ್ಲಿ ಬರವಣಿಗೆಗೆ ರೈಟರ್, ಲೆಕ್ಕಪಟ್ಟಿಗೆ ಕ್ಯಾಲ್ಕ್, ಸಭೆಯಲ್ಲಿ ಚಿತ್ರಪುಟಗಳನ್ನು ತೋರಿಸಲು ಇಂಪ್ರೆಸ್ ಎಂಬ ಅಂಗಗಳಿವೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ಅದು ನಡೆಯುತ್ತದೆ. ಬೇಕೆಂದರೆ ಅದರ ಆದೇಶಗಳೇ ಕನ್ನಡದಲ್ಲಿ ಕಾಣುವಂತೆ ಮಾಡಿಕೊಳ್ಳಬಹುದು. ಕೆ.ಪಿ. ರಾವ್ ಅವರ ಕೀಲಿಮಣೆಯನ್ನು ಯೂನಿಕೋಡಿನೊಂದಿಗೆ ಇದರಲ್ಲಿಯೂ ಬಳಸಬಹುದು. ಆದ್ದರಿಂದ ನುಡಿಗೆ ಒಗ್ಗಿದ ಬೆರಳುಗಳು ಹೊಸ ಪಾಠ ಕಲಿಯಬೇಕಾಗಿಲ್ಲ. ಕೀಲಿಮಣೆ ಬೇರೆ, ತಂತ್ರಾಂಶ ಬೇರೆ ಎಂದು ಮೊದಲೇ ವಿಂಗಡಿಸಿದ್ದರ ಪ್ರಯೋಜನ ಇದು. 'ಗುಬ್ಬಿ', 'ನವಿಲು' ಮೊದಲಾದ ಮುಕ್ತ ಫಾಂಟುಗಳೂ ಈಗ ಕನ್ನಡದಲ್ಲಿ ದೊರೆಯುತ್ತವೆ.

ಗುಣಗಳನ್ನಷ್ಟೇ ಹೇಳಿ ಕುಂದುಗಳನ್ನು ಮುಚ್ಚಿಡುವುದು ಸಲಹೆಯ ಲಕ್ಷಣವಲ್ಲ. ವರ್ಡ್ ತಂತ್ರಾಂಶದಲ್ಲಿ ಕಟ್ಟಿದ ಪುಟವನ್ನು ರೈಟರ್‌ನಲ್ಲಿ ತೆರೆದರೆ ಅಕ್ಷರ ಕೆಡುವುದಿಲ್ಲವಾದರೂ ಪುಟದ ವಿನ್ಯಾಸ ಅಲ್ಲಲ್ಲಿ ಜರುಗಬಹುದು. ಕೋಷ್ಟಕಗಳು, ಚಿತ್ರಗಳು ತುಂಬಿದ ಕಡತಗಳಲ್ಲಿ ಇದು ಕಿರಿಕಿರಿಯ ವಿಷಯ. ಎರಡನೆಯದು ಮುದ್ರಣಾಲಯದ ತೊಡಕು. ನಮ್ಮ ಮುದ್ರಣಾಲಯಗಳಲ್ಲಿ ದಶಕಗಳ ಕಾಲ ರಾಜ್ಯವಾಳಿದ ಪೇಜ್‌ಮೇಕರ್ ತಂತ್ರಾಂಶಕ್ಕೆ ಯೂನಿಕೋಡ್ ಕನ್ನಡ ತಿಳಿಯದು. ಅದನ್ನೇ ನೆಚ್ಚಿಕೊಂಡ ಕಡೆ ಯೂನಿಕೋಡಿನ ಹಸ್ತಪ್ರತಿಯನ್ನು ಮರಳಿ ಹಳೆಯ ಸಂಕೇತಕ್ಕೆ ತಿರುಗಿಸುತ್ತಾರೆ. ಇನ್‌ಡಿಸೈನ್ ತಂತ್ರಾಂಶದ ಈಚಿನ ಆವೃತ್ತಿಗಳಲ್ಲಿ ಈ ಕಷ್ಟವಿಲ್ಲ. ಮೂರನೆಯದು ಕಾಗುಣಿತ ಪರೀಕ್ಷೆ. ಕನ್ನಡಕ್ಕೂ ಪದಪಟ್ಟಿಗಳಿವೆ, ಆದರೆ ನಮ್ಮ ಭಾಷೆಯ ಸ್ವಭಾವವೇ ಅಂಟಿಸುವುದು. 'ಮನೆ' ಎಂಬ ಒಂದು ಪದ 'ಮನೆಗಳಲ್ಲಿಯೂ', 'ಮನೆಯವರಿಗಾಗಿ', 'ಮನೆಯಿಂದಲೇ' ಎಂದು ಹತ್ತಾರು ರೂಪ ತಾಳುತ್ತದೆ. ಸಂಧಿಯಾದರೆ ಇನ್ನೂ ಹಲವು. ಪಟ್ಟಿಯಲ್ಲಿ ಇಲ್ಲದ್ದನ್ನೆಲ್ಲ ಯಂತ್ರ ತಪ್ಪೆಂದು ಕೆಂಪು ಗೆರೆ ಎಳೆಯುತ್ತದೆ. ಕರಡು ತಿದ್ದುವ ಕಣ್ಣಿಗೆ ಇನ್ನೂ ಬಿಡುವು ಸಿಕ್ಕಿಲ್ಲ.

ಅಂತರಜಾಲದಲ್ಲಿಯೇ ಬರೆದು ಅಲ್ಲಿಯೇ ಇರಿಸುವ ಇನ್ನೊಂದು ದಾರಿಯಿದೆ. ಗೂಗಲ್ ಡಾಕ್ಸ್, ಚೆನ್ನೈಯಿಂದ ಬೆಳೆದ ಜೋಹೊ ರೈಟರ್ ಈ ಬಗೆಯವು. ಇಬ್ಬರು ಬೇರೆ ಬೇರೆ ಊರುಗಳಲ್ಲಿ ಕುಳಿತು ಒಂದೇ ಪ್ರಬಂಧವನ್ನು ತಿದ್ದಬಹುದೆಂಬುದು ನಿಜವಾದ ಅನುಕೂಲ. ಅಲ್ಲಿ ಬರೆದ ಕನ್ನಡ ಯೂನಿಕೋಡೇ ಆಗಿರುತ್ತದೆ. ಆದರೆ ಅದು ಬೇರೆಯವರ ಮನೆಯ ಅಟ್ಟದಲ್ಲಿ ನಮ್ಮ ಪೆಟ್ಟಿಗೆಯನ್ನು ಇರಿಸಿದಂತೆ. ಪ್ರವೇಶದ ಗುಪ್ತಪದವನ್ನು ಬಲ್ಲ ಒಬ್ಬರೇ ತೀರಿಕೊಂಡರೆ ಮನೆಯವರಿಗೆ ಅಟ್ಟದ ಏಣಿ ಎಲ್ಲಿದೆಯೆಂಬುದೇ ತಿಳಿಯುವುದಿಲ್ಲ. ಈ ದಾರಿಯನ್ನು ಹಿಡಿದವರು ತಿಂಗಳಿಗೊಮ್ಮೆಯಾದರೂ ಕಡತವನ್ನು ತಮ್ಮ ಗಣಕಕ್ಕೆ ಇಳಿಸಿಕೊಂಡು ಇನ್ನೊಂದು ಪ್ರತಿ ಇಟ್ಟುಕೊಳ್ಳಬೇಕು.

ಒಬ್ಬ ಬರಹಗಾರ ತನ್ನ ಮಟ್ಟಿಗೆ ಬದಲಾಯಿಸಿಕೊಳ್ಳುವುದು ಸುಲಭ. ಒಂದು ಸಂಸ್ಥೆಯ ಮಾತು ಬೇರೆ. ಜರ್ಮನಿಯ ಮ್ಯೂನಿಕ್ ನಗರಸಭೆ 2003ರಲ್ಲಿ ಮುಕ್ತ ತಂತ್ರಾಂಶಕ್ಕೆ ಹೋಗಲು ನಿರ್ಧರಿಸಿ, ಹತ್ತು ವರ್ಷ ದುಡಿದು ಸುಮಾರು 15,000 ಗಣಕಗಳನ್ನು ಬದಲಾಯಿಸಿತು. 2017ರಲ್ಲಿ ಮರಳಿ ವಿಂಡೋಸಿಗೆ ಹೋಗುವ ತೀರ್ಮಾನವನ್ನು ಅದೇ ಸಭೆ ಕೈಗೊಂಡಿತು. ರಾಜಕೀಯದ ಇಷ್ಟಾನಿಷ್ಟಗಳು, ಹೊರಗಿನ ಕಚೇರಿಗಳೊಂದಿಗೆ ಕಡತ ಕೊಟ್ಟು ತರುವಾಗಿನ ತೊಡಕು, ಎಲ್ಲವೂ ಅಲ್ಲಿ ಸೇರಿದ್ದವು. ಇದಕ್ಕೆ ಎದುರಾಗಿ ನಮ್ಮ ನೆರೆಯ ಕೇರಳ ತನ್ನ ಸರಕಾರಿ ಶಾಲೆಗಳ ಗಣಕ ಶಿಕ್ಷಣವನ್ನು ಮುಕ್ತ ತಂತ್ರಾಂಶದ ಮೇಲೆಯೇ ನಿಲ್ಲಿಸಿ, ಅಧ್ಯಾಪಕರಿಗೆ ತರಬೇತಿ ಕೊಟ್ಟು, ಪಠ್ಯಪುಸ್ತಕಗಳನ್ನು ಅದಕ್ಕೆ ತಕ್ಕಂತೆ ಬರೆಸಿ ಉಳಿಸಿಕೊಂಡುಬಂದಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಇದರ ಫಲವನ್ನು ಪಡೆಯುತ್ತಿದ್ದಾರೆ. ತಂತ್ರಾಂಶವನ್ನು ಗಣಕದಲ್ಲಿ ಹಾಕಿಬಿಟ್ಟರೆ ಸಾಲದು, ಅದನ್ನು ಬಳಸುವವರ ಕೈ ಪಳಗಿಸಬೇಕೆಂಬುದು ಎರಡೂ ಕಡೆಯ ಪಾಠ.

ಯಾವ ತಂತ್ರಾಂಶವನ್ನೇ ಆರಿಸಿಕೊಳ್ಳಿ, ಅದನ್ನು ಒಪ್ಪುವ ಮುನ್ನ ಅರ್ಧ ಗಂಟೆಯ ಒಂದು ಪರೀಕ್ಷೆಗೆ ಒಡ್ಡಬಹುದು. ಒಂದು ಪುಟ ಕನ್ನಡ ಬರೆಯಿರಿ. ಅದರಲ್ಲಿ 'ಕ್ಷಾತ್ರ', 'ಯಜ್ಞ', 'ಸೂರ್ಯ', 'ಸ್ವಾತಂತ್ರ್ಯ' ಎಂಬಂಥ ಪದಗಳಿರಲಿ. 'ರ‍್ಯಾಂಕ್' ಎಂಬ ಪದವೂ ಇರಲಿ. ಅಲ್ಲಿ ಅರ್ಕಾವತ್ತು ಬಾರದೆ 'ರ'ಕಾರಕ್ಕೆ 'ಯ' ಒತ್ತಾಗಿ ನಿಲ್ಲಬೇಕಾದರೆ, ಕಣ್ಣಿಗೆ ಕಾಣದ ಒಂದು ಸಂಧಿಚಿಹ್ನೆ ನಡುವೆ ಇರಬೇಕಾಗುತ್ತದೆ. ಹಳಗನ್ನಡದ ಕೆಲಸ ಮಾಡುವವರು ಱ, ೞಗಳನ್ನೂ ಸೇರಿಸಲಿ. ಆಮೇಲೆ ಕಡತವನ್ನು ಓಪನ್ ಡಾಕ್ಯುಮೆಂಟ್ ಕ್ರಮದಲ್ಲಿ ಉಳಿಸಿ, ಬೇರೊಂದು ತಂತ್ರಾಂಶದಲ್ಲಿ, ಸಾಧ್ಯವಾದರೆ ಬೇರೊಬ್ಬರ ಗಣಕದಲ್ಲಿ ತೆರೆಯಿರಿ. 'ಸೂರ್ಯ' ಎಂಬ ಪದವನ್ನು ಹುಡುಕಿದರೆ ಸಿಕ್ಕುತ್ತದೆಯೆ? ಹತ್ತು ಹೆಸರುಗಳ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸು ಎಂದರೆ ಜೋಡಿಸುತ್ತದೆಯೆ? ಒಂದು ವಾಕ್ಯವನ್ನು ಎತ್ತಿ ಮಿಂಚಂಚೆಯಲ್ಲಿ ಇಟ್ಟರೆ ಕನ್ನಡವಾಗಿಯೇ ಉಳಿಯುತ್ತದೆಯೆ? ಉತ್ತರ ಹೌದೆಂದಾದರೆ ನಿಮ್ಮ ಬರಹಕ್ಕೆ ಬಾಗಿಲು ತೆರೆದಿದೆಯೆಂದೇ ಅರ್ಥ. 2009ರಿಂದ ವರ್ಡ್ ಕೂಡ ಓಪನ್ ಡಾಕ್ಯುಮೆಂಟ್ ಕ್ರಮದಲ್ಲಿ ಉಳಿಸಬಲ್ಲದು. ಆದ್ದರಿಂದ ಅದನ್ನೇ ಬಳಸುವವರೂ ಈ ಎಚ್ಚರವನ್ನು ಪಾಲಿಸಲು ಅಡ್ಡಿಯಿಲ್ಲ.

ಇನ್ನು ಹಳೆಯ ಕಡತಗಳ ಗತಿಯೇನು? ನಿರಾಶೆಗೆ ಕಾರಣವಿಲ್ಲ. ಹಳೆಯ ಸಂಕೇತಗಳಿಂದ ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ, ಹಲವು ಉಚಿತವಾಗಿಯೇ ದೊರೆಯುತ್ತವೆ. ಆದರೆ ಈ ತಿರುಗಿಸುವಿಕೆ ತೋರುವಷ್ಟು ಸರಳವಲ್ಲ. 'ಸೂರ್ಯ' ಪದವನ್ನೇ ನೋಡಿ. ಹಳೆಯ ಕಡತದಲ್ಲಿ ಕಣ್ಣಿಗೆ ಕಾಣುವ ಕ್ರಮವಿದೆ: ಸೂ, ಆಮೇಲೆ ಯ, ಆಮೇಲೆ ಅರ್ಕಾವತ್ತಿನ ಗುರುತು. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮವಿದೆ: ಸೂ, ಆಮೇಲೆ ರ್, ಆಮೇಲೆ ಯ. ಪರಿವರ್ತಕ ಇವನ್ನು ಹಿಂದುಮುಂದು ಮಾಡಿ ಕೂಡಿಸಬೇಕು, ಕೆಲವೊಮ್ಮೆ ಎಡವುತ್ತದೆ. ಆದ್ದರಿಂದ ಮೂಲ ಕಡತವನ್ನು ಅಳಿಸದೆ ಹಾಗೆಯೇ ಇಟ್ಟುಕೊಳ್ಳಿ. ಅದು ಯಾವ ಫಾಂಟಿನಲ್ಲಿತ್ತೆಂಬುದನ್ನು ಒಂದು ಚೀಟಿಯಲ್ಲಾದರೂ ಬರೆದಿಡಿ. ಪರಿವರ್ತಕಕ್ಕೆ ಬೇಕಾದ ಕೀಲಿಕೈ ಅದೇ. ತಿರುಗಿಸಿದ ಪ್ರತಿಯನ್ನು ಅಚ್ಚಾದ ಪುಸ್ತಕದೊಂದಿಗೆ ಹೋಲಿಸಿ ಓದಿ. ಫಾಂಟಿನ ಹೆಸರನ್ನು ಬಲ್ಲವರು ಇರುವಾಗಲೇ ಈ ಕೆಲಸ ಆಗಬೇಕು. ಇನ್ನೊಂದು ತಲೆಮಾರು ಕಳೆದರೆ ಆ ಗೊಜ್ಜು ಕನ್ನಡವೆಂಬುದನ್ನೇ ಯಾರೂ ಗುರುತಿಸಲಾರರು.

ಈ ಮಾತು ಕಾದಂಬರಿಕಾರರಿಗೆ ಮಾತ್ರ ಸಲ್ಲುವುದಲ್ಲ. ಯಲಹಂಕದ ಪುಟ್ಟೇನಹಳ್ಳಿಯ ಕೆರೆಯನ್ನು ಸರಕಾರ 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸಾರಿತು. ಅಂಥ ಕೆರೆಗೆ ಯಾವ ತಿಂಗಳಲ್ಲಿ ಯಾವ ಹಕ್ಕಿ ಬಂದಿತು, ಎಷ್ಟು ಬಂದವು ಎಂದು ಒಬ್ಬ ಶಾಲಾಮಾಸ್ತರರು ಹತ್ತು ವರ್ಷ ಪಟ್ಟಿ ಬರೆದಿಟ್ಟರೆ, ಅದರ ಬೆಲೆ ತಿಳಿಯುವುದು ಮೂವತ್ತು ವರ್ಷಗಳ ಅನಂತರ, ನೀರೋ ಹಕ್ಕಿಯೋ ಕಡಮೆಯಾದಾಗ. ಅಂದು ಆ ಪಟ್ಟಿ ತೆರೆಯಬೇಕು, ಅದರಲ್ಲಿ ಹೆಜ್ಜಾರ್ಲೆಯೆಂದು ಹುಡುಕಿದರೆ ಹೆಜ್ಜಾರ್ಲೆ ಸಿಕ್ಕಬೇಕು. ಸಹಕಾರ ಸಂಘದ ನಡಾವಳಿ, ದೇವಸ್ಥಾನದ ಲೆಕ್ಕ, ಅಜ್ಜಿ ಹೇಳಿದ ಹಾಡುಗಳ ಸಂಗ್ರಹ, ಎಲ್ಲಕ್ಕೂ ಇದೇ ನ್ಯಾಯ.

'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂಬ ನಮ್ಮ ಗಾದೆ ಈ ವಿಷಯಕ್ಕೂ ಒಪ್ಪುತ್ತದೆ. ಯಾವ ತಂತ್ರಾಂಶದಲ್ಲಿ ಬರೆಯಬೇಕೆಂಬುದು ಅವರವರ ಇಚ್ಛೆ. ಕೈಗೆ ಹಿತವಾದದ್ದನ್ನು, ಜೇಬಿಗೆ ಎಟಕುವುದನ್ನು ಆರಿಸಿಕೊಳ್ಳಲಿ. ಬರೆದದ್ದು ಇನ್ನೊಬ್ಬರ ಕಣ್ಣಿಗೆ ಕಾಣಬೇಕಾದ ಬಗೆ ಮಾತ್ರ ಎಲ್ಲರೂ ಕೂಡಿ ಒಪ್ಪಿದ್ದಾಗಿರಬೇಕು. ಯೂನಿಕೋಡಿನ ಅಕ್ಷರ, ಬಹಿರಂಗವಾದ ಗಂಟು, ಬೇರೊಂದು ಸ್ಥಳದಲ್ಲಿ ಒಂದು ಹೆಚ್ಚಿನ ಪ್ರತಿ: ಇವು ಮೂರು ಇದ್ದರೆ ತಂತ್ರಾಂಶದ ಹೆಸರು ಯಾವುದಾದರೂ ಚಿಂತೆಯಿಲ್ಲ. ಕಿಟ್ಟಯ್ಯನ ಕಲ್ಲನ್ನು ಕಡೆದವನ ಹೆಸರು ನಮಗೆ ತಿಳಿಯದು, ಅವನ ಉಳಿ ಯಾವುದೆಂದೂ ತಿಳಿಯದು. ಅವನು ಕೊರೆದ ಅಕ್ಷರ ಮಾತ್ರ ಓದಲು ಸಿಕ್ಕಿದೆ. ಇಂದು ಬರೆಯುವವರು ತಮ್ಮ ಓದುಗರಿಗೆ ಅಷ್ಟನ್ನಾದರೂ ಉಳಿಸಿಹೋಗಬೇಕು.